ಕೊಲೆಗಾರ ಯಾರೆಂದು ನಾನು ಹೇಳಿಬಿಟ್ಟದ್ದು

ಪುಟ್ಟೀ, ಚಿನ್ನೂ, ಬಾಯಲ್ಲಿ ಹೇಳಲು ನಾಚಿಕೆಯಾಗುವುದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆ ಪತ್ತೇದಾರಿ ಸಿನಿಮಾ ಬಂದ ವಾರ ನಮ್ಮ ಮೂಡಲಪಾಳ್ಯದ ಮನೆಯಲ್ಲಿ ಅದರದೇ ಮಾತು. ಆ ನಟ ನನಗೂ ಇಷ್ಟ. ಅವನ ಮೊದಮೊದಲ ಚಿತ್ರಗಳನ್ನು ನಿಮ್ಮ ತಾತನ ಜೊತೆ ನೋಡಿದ್ದೆ. ಭಾನುವಾರ ನನ್ನನ್ನೂ ಕರೆಯುತ್ತೀರೆಂದು ಕಾದೆ, ಯಾವ ಸೀರೆ ಉಡುವುದೆಂದೂ ಯೋಚಿಸಿದ್ದೆ. ಶುಕ್ರವಾರ, ಪುಟ್ಟೀ, ನೀನು ಚಪ್ಪಲಿ ಬಿಡುತ್ತಲೇ ಹೇಳಿದೆ: "ಬಸವೇಶ್ವರನಗರದ ಅಜ್ಜಿ ಮೂರು ಟಿಕೆಟ್ ಬುಕ್ ಮಾಡಿದಾರೆ. ಥ್ರಿಲ್ಲರ್ ಕಣಜ್ಜಿ, ನಿಂಗೆ ಬೋರಾಗತ್ತೆ."

ಅವರು ನಿಮ್ಮ ಅಮ್ಮನ ತಾಯಿ, ನನ್ನ ಬೀಗಿತಿ. ಟೀಚರಾಗಿ ನಿವೃತ್ತರಾದವರು. ಕೆಟ್ಟವರಲ್ಲ. ಮೊಬೈಲಿನಲ್ಲೇ ಟಿಕೆಟ್ ತೆಗೆಯುತ್ತಾರೆ, ಅರ್ಧ ಸಿನಿಮಾಕ್ಕೆಲ್ಲ ಕೊಲೆಗಾರನನ್ನು ಊಹಿಸುತ್ತಾರೆ. ನಿಮಗೆ ಅನ್ನ ಕಲಸಿ ತಿನ್ನಿಸಿದವಳು ನಾನು, ನಿಮ್ಮನ್ನು ನಗಿಸುವವರು ಅವರು. ಹೊಟ್ಟೆ ಉರಿಯಿತು.

ಶನಿವಾರ ನೀವು ಟ್ಯೂಷನ್ನಿಗೆ ಹೋದ ಮೇಲೆ ಮಾಗಡಿ ರಸ್ತೆಯ ಚಿತ್ರಮಂದಿರಕ್ಕೆ ಒಬ್ಬಳೇ ಹೋದೆ. ಕೌಂಟರಿನಲ್ಲಿ ಒಂದೇ ಟಿಕೆಟ್ ಎಂದು ಬೆರಳು ತೋರಿಸಿದೆ. ನಟ ತೆರೆಯ ಮೇಲೆ ಬಂದಾಗ ಶಿಳ್ಳೆಯೋ ಶಿಳ್ಳೆ. ಆಮೇಲೆ ಅವನು ನಡೆದ, ಇನ್ನೂ ನಿಧಾನವಾಗಿ ನಡೆದ, ಕಪ್ಪು ಕನ್ನಡಕ ತೆಗೆದ, ಹಾಕಿದ. ಕೊಲೆಯಾದ ಹುಡುಗಿಯ ಚಿಂತೆ ಯಾರಿಗೂ ಇರಲಿಲ್ಲ. ಹಿಂದೆ ಅವನು ಅತ್ತರೆ ನಾನೂ ಅಳುತ್ತಿದ್ದೆ. ಈಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೊಲೆಗಾರ ಡಾಕ್ಟರ್ ಎಂದು ನನಗೇ ಮಧ್ಯಂತರದೊಳಗೆ ಗೊತ್ತಾಗಿತ್ತು. ಪಕ್ಕದಲ್ಲಿ ನೀವಿದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಭಾನುವಾರ ಬೀಗಿತಿ ನಿಮ್ಮನ್ನು ಕರೆದೊಯ್ಯಲು ಬಂದರು. ನಮ್ಮೂರಲ್ಲಿ ಟೆಂಟಿನಲ್ಲಿ ಸಿನಿಮಾ ನೋಡಿ ಬಂದವರು ನೋಡದವರಿಗೆ ಕಥೆಯನ್ನು ಕಡೆಯವರೆಗೂ ಹೇಳಬೇಕು, ಅದು ಮರ್ಯಾದೆ. ಕೇಳಿದವರು ಮಾರನೆಯ ದಿನ ಇನ್ನೂ ಆಸೆಪಟ್ಟು ಹೋಗುತ್ತಿದ್ದರು. ಕಾಫಿ ಕೊಡುತ್ತಾ ನಾನೂ ಹೇಳಿದೆ.

"ನಾನು ನಿನ್ನೆ ನೋಡ್ದೆ. ಕೊಲೆ ಮಾಡಿರೋದು ಆ ಡಾಕ್ಟ್ರು."

"ಅಜ್ಜೀ, ಯಾಕಜ್ಜಿ ಹೇಳ್ಬಿಟ್ಟೆ?" ಚಿನ್ನೂ, ನಿನ್ನ ಮುಖ ಸಣ್ಣಗಾಯಿತು.

ಬೀಗಿತಿ ನಕ್ಕರು. "ಹೋಗ್ಲಿ ಬಿಡೋ. ನಂಗೆ ಊಹೆ ಮಾಡೋ ಕಷ್ಟ ತಪ್ತು."

ಸಂಜೆ ಮೂವರೂ ಸಿನಿಮಾವನ್ನು ಬೈಯುತ್ತಾ ಬಂದಿರಿ. "ಡಾಕ್ಟ್ರು ಬಂದಾಗಲೆಲ್ಲ ನಾವು ನಮಸ್ಕಾರ ಸಾರ್ ಅಂತಿದ್ವಿ ಅಜ್ಜಿ, ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡೋರು," ಎಂದೆ ನೀನು, ಚಿನ್ನೂ.

"ಹೀರೋಗಿಂತ ಅವನ ಕನ್ನಡಕ ಚೆನ್ನಾಗಿ ಆಕ್ಟ್ ಮಾಡಿದೆ ಕಣ್ರೋ," ಎಂದರು ಬೀಗಿತಿ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ.

ನನಗಾದ ನಿರಾಸೆಯೇ ನಿಮಗೂ ಆಗಿತ್ತು. ಆದರೆ ನಾನದನ್ನು ಒಬ್ಬಳೇ ಬಸ್ಸಿನಲ್ಲಿ ಹೊತ್ತು ತಂದಿದ್ದೆ, ನೀವು ಮೂವರು ಹಂಚಿಕೊಂಡು ತಂದಿರಿ. ಆ ನಿರಾಸೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಕಥೆ ಹೇಳಿದ್ದು ಊರಿನ ಅಭ್ಯಾಸ ಎಂದು ನಿಮ್ಮ ಅಮ್ಮನಿಗೆ ಹೇಳಿದೆ. ಅದು ಅರ್ಧ ನಿಜ. ಬೀಗಿತಿ ನಿಮ್ಮೆದುರು ಊಹಿಸಿ ಗೆಲ್ಲಬಾರದೆಂದೇ ಹೇಳಿದ್ದು. ಇನ್ನೊಂದು ಸಲ ಎಷ್ಟು ಕೆಟ್ಟ ಸಿನಿಮಾ ಬಂದರೂ ನನ್ನನ್ನೂ ಕರೆಯಿರಿ, ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಈ ಹಾಳೆಗಳನ್ನು ನಿಮ್ಮ ಮಾರ್ಕ್ಸ್ ಕಾರ್ಡುಗಳ ಜೊತೆ ಜೋಪಾನವಾಗಿಡಿ. ಬಸವೇಶ್ವರನಗರದ ಅಜ್ಜಿಗೆ ಈಗಲೇ ತೋರಿಸಬೇಡಿ.