ಓದುವ ಬೆರಳು

ಮುಂಬಯಿಯ ಅಂಧೇರಿಯಲ್ಲಿರುವ ನಮ್ಮ ಆಫೀಸಿನಲ್ಲಿ ಈ ಕಥೆಯನ್ನು ಹೇಳುವ ರೀತಿ ಹೀಗೆ: ಆಸ್ಪತ್ರೆಯ ಟೋಕನ್ ಯಂತ್ರ ಚೆನ್ನಾಗಿಯೇ ಇತ್ತು, ಪರೀಕ್ಷೆಯಲ್ಲಿ ಎಲ್ಲರೂ ಸಲೀಸಾಗಿ ಬಳಸಿದ್ದರು, ಕೊನೆಗೆ ಆಸ್ಪತ್ರೆಯಲ್ಲಿ ಒಬ್ಬ ಅಜ್ಜಿ ಗಾಬರಿಯಾಗಿ ಏನೋ ಒತ್ತಿಬಿಟ್ಟರು. ಗಾಬರಿಯಾದದ್ದನ್ನು ನೋಡಿದವರು ಯಾರು? ಒಬ್ಬರೂ ಇಲ್ಲ. ಪರೀಕ್ಷೆಯ ದಿನ ಪಕ್ಕದಲ್ಲೇ ಕುಳಿತು ಟಿಪ್ಪಣಿ ಬರೆದುಕೊಂಡವನು ನಾನು. ಆ ಅಜ್ಜಿಯನ್ನು ಪರೀಕ್ಷೆಗೆ ಕರೆತಂದವನೂ ನಾನೇ.

ಅವರು ಚೆಂಬೂರಿನಲ್ಲಿ ನಮ್ಮ ಎದುರು ಮನೆಯ ಕಾಕು, ವಿಜಯಪುರದ ಕಡೆಯವರು. ಸಕ್ಕರೆ ಕಾಯಿಲೆಯಿಂದ ಎಡಗಣ್ಣಿನ ಒಳಗೆ ಊತ ಬಂದು, ಪರೇಲ್‌ನ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ನಮ್ಮ ಕಂಪನಿ ಬಂದವರಿಗೆ ಟೋಕನ್ ಕೊಡುವ ಟಚ್‌ಸ್ಕ್ರೀನ್ ಯಂತ್ರ ಮಾಡಿಕೊಡುತ್ತಿದ್ದದ್ದು ಅದೇ ಆಸ್ಪತ್ರೆಗೆ. ಪರೀಕ್ಷೆಗೆ ಅವರಿಗಿಂತ ತಕ್ಕವರು ಯಾರು ಸಿಗಬೇಕು?

"ಇದು ನಿಮ್ಮ ಪರೀಕ್ಷಾ ಅಲ್ಲ ಕಾಕು, ಯಂತ್ರದ್ದು," ಎಂದೆ.

"ಹಂಗಾದ್ರ ಅದು ನಪಾಸ ಆದ್ರ ನನ್ನ ಬೈಬ್ಯಾಡ ಮತ್ತ," ಎಂದು ನಕ್ಕರು.

ಕಾಕು ಓದುವುದು ಬೆರಳಿನಿಂದ. ಬೆಳಗಿನ ಪಾರಾಯಣದ ಪೋಥಿಯಿರಲಿ, ಔಷಧಿಯ ಚೀಟಿಯಿರಲಿ, ತೋರುಬೆರಳು ಸಾಲಿನಡಿಯಲ್ಲಿ ಸರಿಯುತ್ತ ಹೋದರೇ ಅವರಿಗೆ ಅಕ್ಷರ ನಿಲ್ಲುವುದು. ಪರೀಕ್ಷೆಯ ದಿನ ಪರದೆಯ ಮೇಲೆ ಅವರ ಹೆಸರು, ಅದರ ಕೆಳಗೆ ಮರಾಠಿಯಲ್ಲಿ ಎರಡು ಅಗಲವಾದ ಬಟನ್: 'ದಿನ ಬದಲಿಸಿ', 'ನಾನು ಬಂದಿದ್ದೇನೆ'. ಬೆರಳು ಹೆಸರು ದಾಟಿ ಮೊದಲ ಬಟನ್ನಿಗೆ ಇಳಿಯುವಷ್ಟರಲ್ಲಿ ನಮ್ಮ ತಂಡದ ಮುಖ್ಯಸ್ಥರು ಮೆಲ್ಲಗೆ ಅವರ ಕೈ ಹಿಡಿದೆತ್ತಿದರು. ಮೈಸೂರಿನ ಮನೆತನ, ಬಹಳ ಮರ್ಯಾದಸ್ಥರು. "ಅಮ್ಮಾ, ಮೊದ್ಲು ಓದ್ಕೊಳಿ, ಆಮೇಲೆ ಒತ್ತಿ." ಕಾಕು ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿ ಓದಿ, ಸರಿಯಾದುದನ್ನೇ, 'ನಾನು ಬಂದಿದ್ದೇನೆ' ಎಂಬುದನ್ನೇ ಒತ್ತಿದರು; ಟೋಕನ್ ಚೀಟಿ ಹೊರಬಂತು.

'ಬೆರಳಿಟ್ಟು ಓದುತ್ತಾರೆ, ಕೈ ಹಿಡಿಯದಿದ್ದರೆ ತಪ್ಪು ಬಟನ್ ಒತ್ತಿಹೋಗುತ್ತಿತ್ತು' ಎಂದು ನಾನು ಬರೆದುಕೊಟ್ಟೆ. ವರದಿಯಲ್ಲಿ ಆ ಸಾಲು ಮಾಯ. ಯಾಕೆಂದು ಮುಖ್ಯಸ್ಥರನ್ನು ಕೇಳಿದೆ.

"ಅದು ಅವರ ಅಭ್ಯಾಸ ಕಣೋ, ಡಿಸೈನ್ ತಪ್ಪಲ್ಲ. ಎಲ್ಲದಕ್ಕೂ ಡಿಬೇಟ್ ಮಾಡ್ಬೇಡ."

ಜನರ ಅಭ್ಯಾಸ ನೋಡುವುದಕ್ಕಲ್ಲದೆ ಮತ್ತೇತಕ್ಕೆ ನಮ್ಮನ್ನು ಕೆಲಸಕ್ಕಿಟ್ಟುಕೊಂಡದ್ದು? ಕಾಲೇಜಿನ ಚರ್ಚಾಸ್ಪರ್ಧೆಯಾಗಿದ್ದರೆ ಅಲ್ಲೇ ಕೇಳುತ್ತಿದ್ದೆ. ಆಫೀಸಿನಲ್ಲಿ ಸುಮ್ಮನಾದೆ. ಯಂತ್ರ ಪರೇಲ್‌ಗೆ ಹೋಯಿತು.

ಮುಂದಿನ ಇಂಜೆಕ್ಷನ್ನಿಗೆ ಕಾಕು ಒಬ್ಬರೇ ಹೊರಟರು. "ನಾ ಪಾಸಾದಾಕಿ. ನೀ ಯಾಕ ರಜಾ ಹಾಕ್ತಿ?" ಮಧ್ಯಾಹ್ನ ಫೋನ್ ಬಂತು: ಬೆಳಿಗ್ಗೆಯಿಂದ ಟೋಕನ್ ಹಿಡಿದು ಕೂತಿದ್ದಾರೆ, ಕರೆದೇ ಇಲ್ಲ, ಡಾಕ್ಟರ್ ಮನೆಗೆ ಹೋಗಿಯಾಯಿತು. ಓಡಿಹೋಗಿ ಚೀಟಿ ನೋಡಿದರೆ ಅದು ಟೋಕನ್ ಅಲ್ಲ, ಮೂರು ವಾರದ ನಂತರದ ತಾರೀಖು. ಕೌಂಟರಿನವನು ತಲೆಯೆತ್ತಲೂ ಇಲ್ಲ. "ಪೇಶಂಟ್ ನೇ ಖುದ್ ಡೇಟ್ ಬದ್ಲೀ ಹೈ." ದಿನ ಬದಲಿಸಿದ್ದು ಪೇಶಂಟೇ ಅಂತೆ; ಅದಕ್ಕಿಂತ ಮೊದಲು ಯಾವ ದಿನವೂ ಖಾಲಿಯಿಲ್ಲವಂತೆ.

"ನಾ ಏನೂ ಒತ್ತಿಲ್ಲೋ, ಬರೇ ಓದೀನಿ," ಎಂದು ಕಾಕು ಯಂತ್ರದ ಮುಂದೆ ನಿಂತು ತೋರಿಸಿದರು. ಅದೇ ಬೆರಳು, ಅದೇ 'ದಿನ ಬದಲಿಸಿ'. ಆಮೇಲೆ ಪರದೆಯಲ್ಲಿ ಮೂಡಿದ ತಾರೀಖುಗಳ ಮೇಲೂ ಅವರು ಬೆರಳಾಡಿಸಿರಬೇಕು. ಅವರು ಓದಿದ್ದನ್ನೆಲ್ಲ ಯಂತ್ರ ಅಪ್ಪಣೆ ಎಂದುಕೊಂಡಿತ್ತು.

ಮೂರು ವಾರ ತುಂಬುವ ಮೊದಲೇ ಅವರ ಎಡಗಣ್ಣಿಗೆ ಪೋಥಿಯ ಸಾಲುಗಳು ಡೊಂಕಾಗಿ ಕಾಣತೊಡಗಿದವು. ಇಂಜೆಕ್ಷನ್ ಕೊಟ್ಟ ಮೇಲೂ ನೆಟ್ಟಗಾಗಲಿಲ್ಲ. "ಯಂತ್ರದ ಪರೀಕ್ಷಾ ಅಂದಿದ್ದೆಲ್ಲಪಾ," ಎಂದರು ಒಂದು ದಿನ, ಪೋಥಿ ಮುಚ್ಚಿಡುತ್ತ. "ನಪಾಸ ನಾ ಹ್ಯಾಂಗ ಆದ್ನಿ?"

ಮರುದಿನ ಮೀಟಿಂಗಿನಲ್ಲಿ ಮುಖ್ಯಸ್ಥರು ಗಾಬರಿಯ ಅಜ್ಜಿಯ ಕಥೆಯನ್ನು ಆಸ್ಪತ್ರೆಯವರ ಮುಂದೆ ಮತ್ತೆ ಹೇಳಿದರು. ಕೆಲವರು ನಕ್ಕರು. ನಾನು ಎದ್ದು ನಿಂತೆ.

"ಸರ್, ಅವತ್ತು ಅವರ ಕೈ ಹಿಡಿದು ಎತ್ತಿದ್ದು ನೀವು. ಪರೇಲ್‌ನಲ್ಲಿ ಯಾರು ಎತ್ತಬೇಕಿತ್ತು?"