ಒಂದು ಗೇಣಿನ ಸಂದು

ಸೀಮೆಸುಣ್ಣ ಹಿಡಿದವನಿಗೆ ಎಲ್ಲ ಗೊತ್ತಿರುತ್ತದೆ ಎಂಬ ಸೊಕ್ಕು ನನಗೂ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಮೂಡಲಗಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮಾಸ್ತರ. ಗೋಕಾಕದ ವಿಜ್ಞಾನ ಪ್ರದರ್ಶನಕ್ಕೆಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾದರಿ ಮಾಡಿ ತಂದಳು. ಕುರಿ ಕಾಯುವವರ ಮಗಳು. ಗೆದ್ದರೆ ಮುಂದೆ ಬೆಳಗಾವಿ. ಅಲ್ಲಿಗೆ ಅಪ್ಪನನ್ನೂ ಕರೆದೊಯ್ಯುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಆಕಾಶದಲ್ಲಿ ಬಂದೂಕಿನ ಗುಂಡಿಗಿಂತ ಎಷ್ಟೋ ಜೋರಾಗಿ ಬರುವ ಉಲ್ಕೆಯ ಹರಳು, ಹಳೆಯ ಉಪಗ್ರಹದ ಚೂರು ಬಡಿದರೆ ಗಗನನೌಕೆ ಉಳಿಯುವುದು ಹೇಗೆ? ಅದೇ ಅವಳ ವಿಷಯ. ನೌಕೆಯ ಗೋಡೆಗೆಂದು ಒಂದು ತಗಡು, ಅದರ ಮುಂದೆ ಗೇಣು ದೂರದಲ್ಲಿ ಇನ್ನೊಂದು ತೆಳು ತಗಡು ನಿಲ್ಲಿಸಿದ್ದಳು.

"ಈ ಸಂದ್ಯಾಕವಾ? ಎರಡೂ ಕೂಡಿಸಿದ್ರ ಗಟ್ಟಿ ಆಗತೈತಿ," ಅಂದೆ.

"ಇಲ್ರಿ ಸರ್ರ. ನಮ್ಮಪ್ಪ ಕುರಿ ತಿರುಗಸಾಕ ಕಲ್ಲ ಒಗಿಯಂಗಿಲ್ಲ, ಮಣ್ಣಿನ ಹೆಂಟಿ ಒಗಿತಾನ್ರಿ. ಅದು ಹಟ್ಟಿ ತಟ್ಟಿಗೆ ಬಡದ್ರ ಪುಡಿ ಆಗಿ ಹರವಿಕೊಂಡ ಹೋಗತೈತಿ, ಹಿಂದಿನ ಕುರಿಗೆ ಪೆಟ್ಟ ಹತ್ತಂಗಿಲ್ಲ. ಆಕಾಶದಾಗ ಅಷ್ಟ ಜೋರ್ ಬಂದ್ರ ಕಲ್ಲೂ ಹಂಗ ಪುಡಿ ಆಗತೈತಂತ ಪುಸ್ತಕದಾಗ ಐತ್ರಿ."

ಆ ಪುಸ್ತಕ ನಾನು ಓದಿರಲಿಲ್ಲ. ಓದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕುರಿಹಟ್ಟಿ ಶಾಣ್ಯಾತನ ಇಲ್ಲಿ ಬ್ಯಾಡ," ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಆ ನಗು ನನಗೆ ಹಿತವಾಗಿಯೇ ಇತ್ತು, ಅದನ್ನು ಮುಚ್ಚಿಡಲಾರೆ. ನಾನೇ ಎರಡೂ ತಗಡು ಜೋಡಿಸಿ, ತಂತಿ ಸುತ್ತಿ, ಇಕ್ಕಳದಿಂದ ಬಿಗಿದೆ.

ಗೋಕಾಕದಲ್ಲಿ ಪರೀಕ್ಷಕರಾಗಿ ಬಂದಿದ್ದ ಕಾಲೇಜಿನ ಮೇಷ್ಟ್ರು ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಡುವ ಜಾಗಾನ ಇಲ್ಲಲ್ಲ. ಚೂರು ಹರವಾಕ ಎಲ್ಲಿ ಬಿಟ್ಟೀ? ಹಿಂಗ ಮಾಡಂತ ಯಾರ ಹೇಳಿದ್ರು?"

ನಾನು ಬಾಜೂಕ್ಕೇ ನಿಂತಿದ್ದೆ. ನಾನೇ ಹೇಳಿದ್ದು ಅಂದಿದ್ದರೆ ಸಾಕಿತ್ತು. ನೆಲ ನೋಡಿದೆ. ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು.

"ನಾನ ತಪ್ಪ ಮಾಡೀನ್ರಿ," ಅಂದಳು.

ಅವರು ಮುಂದಿನ ಮೇಜಿಗೆ ಹೋದರು. ಬೆಳಗಾವಿಗೆ ಬೇರೆ ಸಾಲೆಯವರು ಹೋದರು.

ವಾಪಸು ಬರುವ ಬಸ್ಸಿನಲ್ಲಿ ಅವಳು ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದಲೇ ತಂತಿ ಬಿಚ್ಚುತ್ತಿದ್ದಳು. ಕಲ್ಲೋಳಿ ದಾಟಿದ ಮೇಲೆ ಅದನ್ನು ನೀಟಾಗಿ ಸುತ್ತಿ ನನ್ನತ್ತ ಚಾಚಿದಳು.

"ತಗೋರಿ ಸರ್ರ, ನಿಮ್ಮ ತಂತಿ."

ತೆಗೆದುಕೊಂಡು ಕಿಸೆಗೆ ಹಾಕಿಕೊಂಡೆ. ಆಗಲಾದರೂ ತಪ್ಪಾಯ್ತವಾ ಅನ್ನಬೇಕಿತ್ತು. ಅನ್ನಲಿಲ್ಲ. ಮರುವರ್ಷದಿಂದ ತರಗತಿಯಲ್ಲಿ ಹೆಂಟೆ ಒಡೆದು ತೋರಿಸಿ ಇದೇ ಪಾಠ ಮಾಡಿದೆ, ನಾನೇ ಕಂಡುಕೊಂಡವನಂತೆ. ಮೊದಲ ಸಲ ಹತ್ತನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಕೂತು ಅವಳೂ ಬರೆದುಕೊಂಡಳು.