ನಿಮ್ಮ ಪೇಪರ್ ಓದಿದವರು ಯಾರು?

ನಿಮ್ಮ ಪೇಪರಿನ ಹೆಸರನ್ನು ಕಂಪ್ಯೂಟರಿಗೆ ಕೊಟ್ಟು, ‘ನಾನು ಬರೆದದ್ದನ್ನು ಯಾರಾದರೂ ಓದಿದ್ದಾರಾ?’ ಎಂದು ಕೇಳಿದ್ದೀರಾ? ಕೇಳಬೇಡಿ. ಕಳೆದ ಶನಿವಾರ ನಾನು ಕೇಳಿ ಕೆಟ್ಟೆ.

ಹೊಸೂರು ರಸ್ತೆ ಬದಿಯ ನಮ್ಮ ಯೂನಿವರ್ಸಿಟಿಯಲ್ಲಿ ಅಂದು ವಿಜ್ಞಾನದ ಮೇಷ್ಟ್ರುಗಳಿಗೆಲ್ಲ ಲೈಬ್ರರಿ ಟ್ರೈನಿಂಗ್. ಆನ್‌ಲೈನ್ ಜರ್ನಲ್‌ಗಳಲ್ಲಿ ಹುಡುಕುವುದು ಹೇಗೆ ಅಂತ ನಮಗೇ ಪಾಠ. (ಪಾಠ ಮಾಡುವವರನ್ನು ಕೂರಿಸಿ ಪಾಠ ಮಾಡುವಷ್ಟು ಕಷ್ಟ ಇನ್ನೊಂದಿಲ್ಲ. ಹಿಂದಿನ ಬೆಂಚುಗಳೇ ಮೊದಲು ಭರ್ತಿ.)

ಲೈಬ್ರರಿಯನ್ ಸುಮಾ ಉತ್ಸಾಹದಿಂದ ಹೇಳಿದರು: “ನಿಮ್ಮ ರಿಸರ್ಚ್ ಪೇಪರ್ ಹೆಸರು ಟೈಪ್ ಮಾಡಿ ಸಾರ್. ಅದನ್ನ ಯಾರ್ಯಾರು ತಮ್ಮ ಪೇಪರ್‌ನಲ್ಲಿ ಉಲ್ಲೇಖ ಮಾಡಿದ್ದಾರೆ ಅಂತ ತೋರ್ಸುತ್ತೆ.”

ಹಾಲ್ ತುಂಬ ಕೀಬೋರ್ಡುಗಳ ಟಕಟಕ. ನಾನು ಸಸ್ಯಶಾಸ್ತ್ರದವಳು. ಜಿಗಣಿ ಕಡೆಯ ಕೆರೆಗಳ ಕಳೆಯ ಮೇಲೆ ಬರೆದಿದ್ದ ಪೇಪರ್ ಹುಡುಕಿದೆ. ಸೊನ್ನೆ. ಸ್ಪೆಲಿಂಗ್ ತಪ್ಪಿರಬೇಕೆಂದು ಮತ್ತೆ ಟೈಪ್ ಮಾಡಿದೆ. ದುಂಡಗಿನ ಸೊನ್ನೆ.

ಆಗ ಪಕ್ಕದಲ್ಲೇ ಕೂಗು: “ಬಂತ್ರೀ! ನಂದೊಂದು ಬಂತು!”

ಕೆಮಿಸ್ಟ್ರಿಯ ಹಿರೇಮಠ ಸಾರ್, ಧಾರವಾಡದ ಕಡೆಯವರು. ಬೋರ್‌ವೆಲ್ ನೀರಿನ ಪರೀಕ್ಷೆಯ ಬಗ್ಗೆ ಅವರು ಬರೆದಿದ್ದನ್ನು ಯಾರೋ ಉಲ್ಲೇಖಿಸಿದ್ದರು. ಚಪ್ಪಾಳೆ ಬಿತ್ತು. ಸುಮಾ ಖುಷಿಯಲ್ಲಿ ಆ ಪುಟವನ್ನು ದೊಡ್ಡ ಪರದೆಗೇ ಹಾಕಿಬಿಟ್ಟರು.

‘ಹಿರೇಮಠರ ವಿಧಾನ ತಪ್ಪು. ಅದನ್ನು ಬಳಸಬಾರದು.’

ಚಪ್ಪಾಳೆ ಅರ್ಧಕ್ಕೇ ನಿಂತಿತು. ಸುಮಾ ಮೌಸ್‌ಗೆ ತಡಕಾಡಿದರು. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನ! (ಸೊನ್ನೆ ತೆಗೆದವರಿಗೆ ಅಷ್ಟೂ ಹಕ್ಕಿಲ್ಲವೇ?)

ಹಿರೇಮಠರು ಕನ್ನಡಕ ಏರಿಸಿ ಇಡೀ ಪುಟ ಓದಿದರು. “ತೆಗೀಬ್ಯಾಡ್ರಿ, ಇರ್ಲಿ. ಇದನ್ನ ಪೆನ್‌ಡ್ರೈವ್‌ಗೆ ಹಾಕಿ ಕೊಡ್ರಿ, ಮನ್ಯಾಗ ತೋರಿಸ್ಬೇಕು.”

“ತಪ್ಪು ಅಂತ ಬರೆದಿದ್ದಾರಲ್ಲ ಸಾರ್?” ಅಂದೆ.

“ಬರೀಲಿ ಬಿಡ್ರಿ. ಬಿಸಲಾಗ ಊರೂರು ಅಡ್ಡಾಡಿ ನೀರು ತಂದಿದ್ದೆ. ಯಾರೋ ಪುಣ್ಯಾತ್ಮ ಕುಂತು ಪೂರಾ ಓದ್ಯಾನ. ಓದಲಾರ್ದ ತಪ್ಪು ಹೆಂಗ ಹಿಡೀತಾರ?”

ಅಲ್ಲೇ ಕೂತು ಆ ಪುಣ್ಯಾತ್ಮನಿಗೊಂದು ಇಮೇಲ್ ಬರೆದರು. ತಪ್ಪಿದ್ದು ಎಲ್ಲಿ, ವಿವರವಾಗಿ ತಿಳಿಸಿ ಅಂತ. ಆ ದಿನ ನಿಜವಾಗಿ ರಿಸರ್ಚ್ ಮಾಡಿದ್ದು ಅವರೊಬ್ಬರೇ. ನಾವೆಲ್ಲ ಸರ್ಟಿಫಿಕೇಟಿಗೆ ಕಾಯುತ್ತಿದ್ದೆವು.

ಟೀ ಹೊತ್ತಿಗೆ ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ.

“ಸಾರ್, ನಿಮ್ಮ ಮುಂದಿನ ಪೇಪರ್‌ನಲ್ಲಿ ನಂದನ್ನೂ ಸ್ವಲ್ಪ ಬೈದ್ಬಿಡಿ, ಪ್ಲೀಸ್.”

“ಬೈತೇನ್ರೀ ಮೇಡಂ, ಅದಕ್ಕೇನು?” ಹಿರೇಮಠರು ಬಿಸ್ಕತ್ತು ಅದ್ದುತ್ತಾ ನಕ್ಕರು. “ಆದ್ರ ಅದಕ್ಕೂ ಮೊದ್ಲ ನಾ ಅದನ್ನ ಓದ್ಬೇಕಲ್ರೀ!”